ಕಡಲಿಲ್ಲದ ಸೀಮೆಯಿಂದ ಕಡಲಿನ ಲೆಕ್ಕ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ 1947ರಲ್ಲಿ ಅಗೆದು ತೆಗೆದ ಮಡಕೆ ಚೂರುಗಳ ಮೇಲೆ ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆ ಹಲವು ವರ್ಷ ನಿಂತಿತ್ತು. ಆ ಚೂರುಗಳ ವಯಸ್ಸನ್ನು ಹೇಳಿಕೊಟ್ಟದ್ದು ಕಡಲು. ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ಕುರುಚಲು ಕಾಡು, ಕುರಿ, ಕಂಬಳಿ, ಶೇಂಗಾ, ಬಾರದ ಮಳೆ. ಇಲ್ಲಿನ ಬೆಟ್ಟಗಳ ಮೇಲೆ ನಿಂತರೆ ಯಾವ ದಿಕ್ಕಿಗೂ ನೀರು ಕಾಣುವುದಿಲ್ಲ. ಆದರೂ ರೋಮ್ ಮತ್ತು ಅದರ ಮುಂದುವರಿಕೆಯಾದ ಬೈಜಾಂಟಿಯಮ್ ಜೊತೆ ಕನ್ನಡನಾಡಿಗಿದ್ದ ನಂಟನ್ನು ವಿದ್ವಾಂಸರು ಹೇಗೆ ಅರಿಯುತ್ತ ಬಂದರು ಎಂದು ಹೇಳಹೊರಟರೆ ಈ ಸೀಮೆಯನ್ನು ಬಿಟ್ಟು ಹೇಳಲಾಗದು.

ಈ ಅಧ್ಯಯನಕ್ಕೆ ಈಗ ಸುಮಾರು ನೂರಮೂವತ್ತು ವರ್ಷ. ಯಾರು ಆಳಿದರು ಎಂಬುದನ್ನು ಶಾಸನತಜ್ಞರು ನೋಡಿಕೊಂಡರು. ಯಾರನ್ನು ಪೂಜಿಸಿದರು ಎಂಬುದು ಧರ್ಮದ ಚರಿತ್ರೆ ಬರೆದವರ ಪಾಲಿಗೆ ಬಂತು. ಹಡಗಿನಲ್ಲಿ ಏನು ಬಂತು, ಏನು ಹೋಯಿತು ಎಂಬುದು ನಾಣ್ಯತಜ್ಞರದ್ದಾಯಿತು. ಮೂರೂ ಗುಂಪಿನವರು ಶ್ರಮಪಟ್ಟು ದುಡಿದಿದ್ದಾರೆ. ಆದರೆ ಆಡಳಿತ, ನಂಬಿಕೆ, ಕಡಲ ವ್ಯಾಪಾರ ಈ ಮೂರನ್ನು ಒಂದೇ ನೋಟದಲ್ಲಿ ಸೇರಿಸಿ ನೋಡಿದಾಗ ಮಾತ್ರ ಈ ಕ್ಷೇತ್ರ ಮುಂದಕ್ಕೆ ಸರಿದಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಂಡೆ, ಬೆಳ್ಳಿ, ಪಪೈರಸ್

ಮೊದಲ ಹೆಜ್ಜೆ 1892ರದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳಿಸಿದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಎಂಬ ಧರ್ಮದ ಮಾತುಗಳು ಸರ್ಕಾರಿ ಪತ್ರದ ರೂಪದಲ್ಲಿಯೇ ಬಂದಿವೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ವೃತ್ತಿಯನ್ನು ಖರೋಷ್ಠಿಯಲ್ಲಿ ಬರೆದುಕೊಂಡಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ, ಗ್ರೀಕರ ನೆರೆಯ ಲಿಪಿ. ಸಿರಿಯಾ, ಈಜಿಪ್ಟ್, ಮ್ಯಾಸಿಡೋನಿಯಾದ ಗ್ರೀಕ್ ದೊರೆಗಳ ಹೆಸರನ್ನು 13ನೇ ಬಂಡೆಶಾಸನದಲ್ಲಿ ಹೇಳಿಸಿದ ಚಕ್ರವರ್ತಿಯ ಆಡಳಿತ, ವಾಯವ್ಯದ ಬರವಣಿಗೆ ಕಲಿತವನೊಬ್ಬನನ್ನು ಮೊಳಕಾಲ್ಮೂರಿನ ಬಂಡೆಯ ತನಕ ತಂದಿತ್ತು. ರೈಸ್ ಕಾಲದ ಓದುಗರು ಇಲ್ಲಿ ಮೌರ್ಯ ರಾಜ್ಯದ ಗಡಿ ಎಲ್ಲಿತ್ತು ಎಂಬುದನ್ನಷ್ಟೇ ಹುಡುಕಿದರು. ಆ ಲಿಪಿಕಾರ ಬಂದ ದಾರಿಯ ಬಗ್ಗೆ ಅವರಿಗೆ ಆಸಕ್ತಿ ಕಡಿಮೆ.

ಅದೇ ಹೊತ್ತಿಗೆ, 1891ರಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ರಾಬರ್ಟ್ ಸೆವೆಲ್ 1904ರಲ್ಲಿ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನೆಲ್ಲ ಒಟ್ಟುಹಾಕಿ ಬರೆದರು. ಇಷ್ಟು ನಾಣ್ಯ ಎಂದರೆ ಇಷ್ಟು ವ್ಯಾಪಾರ, ನಾಣ್ಯ ನಿಂತಿತು ಎಂದರೆ ವ್ಯಾಪಾರ ನಿಂತಿತು ಎಂಬ ಸರಳ ಲೆಕ್ಕ ಅಲ್ಲಿಂದ ಬೇರುಬಿಟ್ಟಿತು. ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು ಮೆಕ್‌ಕ್ರಿಂಡಲ್ ಒಂದೊಂದಾಗಿ ಇಂಗ್ಲಿಷಿಗೆ ತಂದರು. ಟಾಲೆಮಿಯ ಭೂಗೋಳದಲ್ಲಿ ಬನವಾಸಿ ಸಿಕ್ಕಿತು, 1897ರಲ್ಲಿ ಬಂದ, ಕಾಸ್ಮಸ್ ಎಂಬ ವ್ಯಾಪಾರಿಯ ಗ್ರಂಥದ ಅನುವಾದದಲ್ಲಿ ಮಂಗಳೂರು ಸಿಕ್ಕಿತು.

ಆಮೇಲೆ ಬಂತು ಆಕ್ಸಿರಿಂಕಸ್ ಪಪೈರಸ್. ಈಜಿಪ್ಟಿನ ಕಸದ ಗುಡ್ಡೆಗಳಲ್ಲಿ ಸಿಕ್ಕ ಈ ಪಪೈರಸ್‌ನಲ್ಲಿದ್ದ ಗ್ರೀಕ್ ಪ್ರಹಸನ 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯ ದೊರೆಯೊಬ್ಬನ ಸೆರೆಯಲ್ಲಿ, ಚಂದ್ರದೇವತೆಯ ಗುಡಿಯಲ್ಲಿರುವ ಕ್ಯಾರಿಟಿಯಾನ್ ಎಂಬ ಗ್ರೀಕ್ ಹೆಣ್ಣುಮಗಳನ್ನು ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ಪ್ರಹಸನದ ಭಾರತೀಯ ಪಾತ್ರಗಳು ಆಡುವ ಮಾತು ಕನ್ನಡ ಎಂದು 1904ರಲ್ಲಿ ಸೂಚಿಸಿದವರು ಶಾಸನತಜ್ಞ ಹುಲ್ಶ್. ಮುಂದೆ 1925ರಲ್ಲಿ ಅಶೋಕನ ಶಾಸನಗಳ ಪ್ರಮಾಣಗ್ರಂಥವನ್ನು ಹೊರತಂದು ಬ್ರಹ್ಮಗಿರಿಯ ಪಾಠವನ್ನು ತಿದ್ದಿಕೊಟ್ಟವರೂ ಅವರೇ. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ, ಬಿ.ಎ. ಸಾಲೆತ್ತೂರು ಈ ಸೂಚನೆಯನ್ನು ಎತ್ತಿಕೊಂಡು ಉಡುಪಿ–ಮಲ್ಪೆಯ ಕಡಲತೀರದವರೆಗೆ ಒಯ್ದರು. 1926ರಲ್ಲಿ ಎಲ್.ಡಿ. ಬಾರ್ನೆಟ್ ಇದನ್ನು ಖಂಡಿಸಿದರು. ಆ ಮಾತು ತುಳು ಎಂದು ವಾದಿಸಿದವರೂ ಆಮೇಲೆ ಬಂದರು. ಆ ಸಾಲುಗಳಲ್ಲಿ ಕನ್ನಡವನ್ನು ಕಾಣಲು ಪದಗಳನ್ನು ಬಹಳ ಎಳೆಯಬೇಕಾಗುತ್ತದೆ ಎಂಬುದು ನಿಜ. ನಮ್ಮವರ ಚರ್ಚೆಯೆಲ್ಲ ಕನ್ನಡದ ಹಳಮೆಯ ಸುತ್ತಲೇ ಸುತ್ತಿದ್ದು ಮಾತ್ರ ನಷ್ಟದ ಸಂಗತಿ. ಗುಡಿ, ದೊರೆ, ಹಡಗು ಈ ಮೂರೂ ಇಲ್ಲದೆ ಭಾರತದ ಕರಾವಳಿಯ ಕಥೆ ಕಟ್ಟಲು ಈಜಿಪ್ಟಿನ ನಾಟಕಕಾರನಿಗೂ ಆಗಲಿಲ್ಲ. ಆ ಪುಟ್ಟ ಪ್ರಹಸನದ ನಿಜವಾದ ಸಾಕ್ಷ್ಯ ಇದು.

ಚಂದ್ರವಳ್ಳಿಯಿಂದ ಇಸಿಲಕ್ಕೆ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೊದಲು ಕೈಹಾಕಿದವರು ಆರ್. ನರಸಿಂಹಾಚಾರ್. ಕ್ರಮಬದ್ಧವಾಗಿ ಅಗೆದು ವರದಿ ಬರೆದವರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. 1929ರ ಹೊತ್ತಿಗೆ ಅವರು ಅಲ್ಲಿಂದ ಹೊರತೆಗೆದ ವಸ್ತುಗಳನ್ನು ನೋಡಿದರೆ ಈ ಅಧ್ಯಯನದ ಮೂರೂ ಎಳೆ ಒಂದೇ ಕಣಿವೆಯಲ್ಲಿ ಸೇರಿಬಿಟ್ಟಿವೆ. ಶಾತವಾಹನರ ಸೀಸದ ನಾಣ್ಯಗಳಿವೆ. ಅವರ ಕೈಕೆಳಗಿನ, ಮಹಾರಠಿ ಎಂಬ ಬಿರುದಿನ ಸ್ಥಳೀಯ ಅಧಿಪತಿಯ ನಾಣ್ಯವಿದೆ. ರೋಮಿನ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ದಿನಾರಿಯಸ್ ಇವೆ. ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಪ್ರಾಕೃತ ಶಾಸನವಿದೆ. ಕೃಷ್ಣ ಅದರಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಎಂದು ದೊಡ್ಡ ಪಟ್ಟಿಯನ್ನೇ ಓದಿದರು. ಆ ಓದನ್ನು ನಂತರದವರು ಹಾಗೇ ಒಪ್ಪಿಲ್ಲ. ಆದರೆ ಕೆರೆಯ ವಿಚಾರದಲ್ಲಿ ತಕರಾರಿಲ್ಲ. ಕಡಲಾಚೆಯ ಬೆಳ್ಳಿ ಬಂದು ಬಿದ್ದ ಜಾಗದಲ್ಲಿ ಎರಡು ಮೂರು ಶತಮಾನ ಕಳೆದು ಬಂದ ದೊರೆ, ತನ್ನ ದೊರೆತನವನ್ನು ಸಾರಲು ಆರಿಸಿಕೊಂಡದ್ದು ಕೆರೆಯನ್ನು. ತಮ್ಮೂರಿನ ಸಂತ ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದ ಕೆರೆಗಳನ್ನು ಇಂದಿಗೂ ನೆನೆಯುವ ನಾಯಕನಹಟ್ಟಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಇಸಿಲವನ್ನು ಗುರುತಿಸಿ 1940ರ ದಶಕದ ಆರಂಭದಲ್ಲಿ ಅಗೆದವರೂ ಕೃಷ್ಣ. ಆ ಮೇಲೆ ಮಾರ್ಟಿಮರ್ ವೀಲರ್ ಬಂದರು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದ ಅವರು 1945ರಲ್ಲಿ ಪುದುಚೇರಿಯ ಬಳಿ ಅರಿಕಮೇಡು ಎಂಬ ಹಳೆಯ ಬಂದರನ್ನು ಅಗೆದಿದ್ದರು. ಅಲ್ಲಿ ಇಟಲಿಯಲ್ಲಿ ಮಾಡಿದ ಕೆಂಪು ಮಣ್ಣಿನ ಪಾತ್ರೆಗಳ ಚೂರು ಸಿಕ್ಕಿದ್ದವು. ಅಂಥ ಪಾತ್ರೆ ಇಟಲಿಯಲ್ಲಿ ಯಾವ ದಶಕದಲ್ಲಿ ತಯಾರಾಯಿತು ಎಂಬುದು ಗೊತ್ತಿತ್ತು. ಅದೇ ಪದರಗಳಲ್ಲಿ ಒಳಮೈಯಲ್ಲಿ ಚಕ್ರದಿಂದ ಚುಕ್ಕಿಸಾಲು ಒತ್ತಿದ ತಟ್ಟೆಗಳೂ ಇದ್ದವು. ಈಗ ಬೇಕಾದದ್ದು, ಆ ಚುಕ್ಕಿಸಾಲಿನ ತಟ್ಟೆಯೂ ಸಿಗುವ, ಅದರ ಕೆಳಗೆ ಇನ್ನೂ ಹಳೆಯ ಜನವಸತಿಯ ಪದರಗಳೂ ಇರುವ ಒಳನಾಡಿನ ಜಾಗ. ಬ್ರಹ್ಮಗಿರಿಯಲ್ಲಿ ಎರಡೂ ಇದ್ದವು.

1947ರ ಅಗೆತದಲ್ಲಿ ವೀಲರ್ ಮೂರು ಸಂಸ್ಕೃತಿಗಳನ್ನು ಬೇರ್ಪಡಿಸಿದರು. ಎಲ್ಲಕ್ಕಿಂತ ಕೆಳಗೆ ಕಲ್ಲುಕೊಡಲಿಯವರು, ಅವರ ಮೇಲೆ ಕಬ್ಬಿಣ ಬಳಸಿ ಕಲ್ಲುಗೋರಿ ಕಟ್ಟಿದ ಬೃಹತ್ ಶಿಲಾಯುಗದವರು, ಎಲ್ಲಕ್ಕಿಂತ ಮೇಲೆ ಅವರು ‘ಆಂಧ್ರ’ ಎಂದು ಕರೆದ ಶಾತವಾಹನ ಕಾಲದ ಪದರ. ಮೇಲಿನ ಪದರದಲ್ಲಿ ಚುಕ್ಕಿಸಾಲಿನ ತಟ್ಟೆ ಸಿಕ್ಕಿದ್ದರಿಂದ ಅದು ಕ್ರಿ.ಶ. 1ನೇ ಶತಮಾನದ ನಡುವಿನಿಂದ ಶುರು ಎಂದಾಯಿತು. ಅಲ್ಲಿಂದ ಕೆಳಕ್ಕೆ ಎಣಿಸುತ್ತ ಹೋಗಿ ಗೋರಿಗಳವರಿಗೆ ಕ್ರಿ.ಪೂ. 2ನೇ ಶತಮಾನ, ಕಲ್ಲುಕೊಡಲಿಯವರಿಗೆ ಹೆಚ್ಚೆಂದರೆ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭ ಎಂದು ಅವರು ಗುರುತುಹಾಕಿದರು. ಈ ಲೆಕ್ಕದ ಚೆಂದವನ್ನು ಮೆಚ್ಚಲೇಬೇಕು. ಇಟಲಿಯ ಕುಂಬಾರನ ಒಲೆಯಿಂದ ಅರಿಕಮೇಡಿಗೆ, ಅರಿಕಮೇಡಿನಿಂದ ಮೊಳಕಾಲ್ಮೂರಿಗೆ, ಮೊಳಕಾಲ್ಮೂರಿನಿಂದ ಇಡೀ ದಕ್ಷಿಣಕ್ಕೆ ಕಾಲ ಹರಿದು ಬಂತು.

ಲೆಕ್ಕ ನಿಲ್ಲಲಿಲ್ಲ. ಇಂಗಾಲ ಕಾಲನಿರ್ಣಯದ ವಿಧಾನ ಬಂದಾಗ ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ಹಿಂದೆ ಸರಿಯಿತು. 1983ರಲ್ಲಿ ವಿಮಲಾ ಬೇಗ್ಲಿ ಅರಿಕಮೇಡನ್ನು ಮರುಪರಿಶೀಲಿಸಿ, ಚುಕ್ಕಿಸಾಲಿನ ತಟ್ಟೆಗಳು ರೋಮನ್ ವ್ಯಾಪಾರಕ್ಕಿಂತ ಹಿಂದಿನವು ಎಂದು ತೋರಿಸಿದರು. ಅವುಗಳನ್ನು ಮಾಡಿದ್ದು ಭಾರತದಲ್ಲಿಯೇ ಎಂಬುದೂ ಸ್ಪಷ್ಟವಾಯಿತು. ಅಂದರೆ ಬ್ರಹ್ಮಗಿರಿಗೆ ಬಂದದ್ದು ರೋಮಿನ ಸರಕಲ್ಲ, ನಮ್ಮದೇ ಕರಾವಳಿಗಳ ನಡುವೆ ಮೊದಲೇ ಓಡಾಡುತ್ತಿದ್ದ ಸರಕು. ವೀಲರ್ ಅವರ ಹೆಸರು ಎಲ್ಲ ಪಠ್ಯಗಳಲ್ಲೂ ಇದೆ. ಅವರಿಗಿಂತ ಮೊದಲು ಚಂದ್ರವಳ್ಳಿ, ಬ್ರಹ್ಮಗಿರಿ ಎರಡನ್ನೂ ಅಗೆದು ಶಾಸನ, ನಾಣ್ಯ, ಮಡಕೆಗಳನ್ನು ಜೊತೆಗಿಟ್ಟು ಓದಿದ ಕೃಷ್ಣ ಅವರ ಹೆಸರು ಅದೇ ಗಾತ್ರದಲ್ಲಿ ಇರಬೇಕಿತ್ತು.

ಚಿನ್ನದ ಮೇಲಿನ ಶಿಲುಬೆ

ಕ್ರಿ.ಶ. 330ರಲ್ಲಿ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಯಿತು. ಅಲ್ಲಿಂದ ರೋಮ್ ಸಾಮ್ರಾಜ್ಯದ ಪೂರ್ವಭಾಗ ಕ್ರೈಸ್ತ ಚಕ್ರವರ್ತಿಗಳ ಕೈಯಲ್ಲಿ 1453ರವರೆಗೆ ಬಾಳಿತು. ಅದನ್ನೇ ನಾವು ಬೈಜಾಂಟಿಯಮ್ ಎನ್ನುತ್ತೇವೆ. ಅಲ್ಲಿನ ಚಿನ್ನದ ನಾಣ್ಯ ಸಾಲಿಡಸ್, ತೂಕ ಸುಮಾರು ನಾಲ್ಕೂವರೆ ಗ್ರಾಂ. ಒಂದು ಬದಿಗೆ ಚಕ್ರವರ್ತಿಯ ಮುಖ, ಇನ್ನೊಂದು ಬದಿಗೆ ಶಿಲುಬೆ ಹಿಡಿದ ವಿಜಯದೇವತೆ. ಆಡಳಿತ ಮತ್ತು ನಂಬಿಕೆ ಎರಡೂ ಬದಿಗಿದ್ದ ಈ ಚಿನ್ನ ಕಡಲು ದಾಟಿ ನಮ್ಮ ನಾಡಿಗೂ ಬಂತು. ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನ ನಿಧಿಯಲ್ಲಿ ಹಳೆಯ ರೋಮನ್ ಚಿನ್ನದ ಜೊತೆಗೆ ಒಂದನೆಯ ಜಸ್ಟಿನ್‌ನ (518–527) ಕಾಲದವರೆಗಿನ ಬೈಜಾಂಟಿಯಮ್ ನಾಣ್ಯಗಳಿದ್ದವು. ಆಗ ಅಲ್ಲಿಗೆ ಹತ್ತಿರದ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದರು.

ಆ ಚಿನ್ನ ಬಂದ ದಾರಿಯ ಬಗ್ಗೆ ಎರಡು ಗ್ರೀಕ್ ಸಾಕ್ಷಿಗಳಿವೆ. ಒಬ್ಬ ಕಾಸ್ಮಸ್, ಅಲೆಕ್ಸಾಂಡ್ರಿಯಾದ ವ್ಯಾಪಾರಿ. 6ನೇ ಶತಮಾನದ ನಡುವೆ ಬರೆದ ‘ಕ್ರೈಸ್ತ ಭೂವಿವರಣೆ’ಯಲ್ಲಿ ಮೆಣಸು ಹೊರಡುವ ಐದು ಬಂದರುಗಳನ್ನು ಹೆಸರಿಸುತ್ತಾನೆ. ಅದರಲ್ಲಿ ಮಂಗರೂತ್ ಎಂಬುದು ಮಂಗಳೂರು ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಆ ಕರಾವಳಿಯಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನಾದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆ ಎಂದೂ ಬರೆಯುತ್ತಾನೆ. ಸಿಂಹಳದ ದೊರೆಯ ಮುಂದೆ ಪರ್ಷಿಯನ್ ಬೆಳ್ಳಿ ಮತ್ತು ರೋಮನ್ ಚಿನ್ನ ಎರಡನ್ನೂ ಇಟ್ಟು ತೋರಿಸಿ ಸೋಪಾಟ್ರಸ್ ಎಂಬ ವ್ಯಾಪಾರಿ ವಾದ ಗೆದ್ದ ಕಥೆಯೂ ಅಲ್ಲಿದೆ. ಕಡಲುಗಳನ್ನು ಅಷ್ಟು ಬಲ್ಲ ಮನುಷ್ಯ ಭೂಮಿ ಮಾತ್ರ ಚಪ್ಪಟೆ, ದೇವರ ಗುಡಾರದ ಆಕಾರ ಎಂದು ನಂಬಿ ಅದನ್ನು ಸಾಧಿಸಲೆಂದೇ ಪುಸ್ತಕ ಬರೆದ. ಅವನ ನಂಬಿಕೆಯನ್ನು ಬದಿಗೊತ್ತಿ ಬಂದರುಗಳ ಪಟ್ಟಿಯನ್ನಷ್ಟೇ ಕಿತ್ತುಕೊಂಡು ಬಳಸುವುದು ಬಹುಕಾಲದ ರೂಢಿ. ರೋಮಿನ ಚಿನ್ನ ಎಲ್ಲೆಡೆ ಗೆಲ್ಲುತ್ತದೆ ಎಂಬ ಅವನ ಮಾತೂ ಅದೇ ನಂಬಿಕೆಯ ತುಣುಕು ಎಂಬುದನ್ನು ಹಾಗೆ ಓದಿದವರು ಮರೆತರು.

ಇನ್ನೊಬ್ಬ ಚರಿತ್ರೆಕಾರ ಪ್ರೊಕೋಪಿಯಸ್. ಅವನು ಹೇಳುವಂತೆ, ರೇಷ್ಮೆಯನ್ನು ಪರ್ಷಿಯಾದ ಕೈಯಿಂದ ತಪ್ಪಿಸಿ ತರಲು ಚಕ್ರವರ್ತಿ ಜಸ್ಟಿನಿಯನ್ ಸುಮಾರು 531ರಲ್ಲಿ ಇಥಿಯೋಪಿಯಾದ ಅಕ್ಸುಮ್‌ಗೆ ದೂತರನ್ನು ಕಳಿಸಿದ. ನೀವು ಭಾರತದವರಿಂದ ಕೊಂಡು ನಮಗೆ ಮಾರಿ ಎಂಬುದು ಅವನ ಕೋರಿಕೆ. ಅದು ಕೈಗೂಡಲಿಲ್ಲ. ಹಡಗುಗಳು ತಂಗುವ ಬಂದರುಗಳಲ್ಲಿ ಪರ್ಷಿಯಾದವರೇ ಮೊದಲು ಹೋಗಿ ಎಲ್ಲ ಸರಕನ್ನೂ ಕೊಳ್ಳುತ್ತಿದ್ದರು. ಕೊನೆಗೆ 552ರ ಸುಮಾರಿಗೆ ಸನ್ಯಾಸಿಗಳು ರೇಷ್ಮೆಹುಳುವಿನ ಮೊಟ್ಟೆಗಳನ್ನು ತಂದುಕೊಟ್ಟರು. ಆ ಬಳಿಕ ರೇಷ್ಮೆ ಅಲ್ಲಿ ಸರ್ಕಾರದ ವಿಷಯವಾಯಿತು. 10ನೇ ಶತಮಾನದ ಆರಂಭದ ‘ನಗರಾಧ್ಯಕ್ಷನ ಗ್ರಂಥ’ ಎಂಬ ನಿಯಮಾವಳಿಯಲ್ಲಿ ರೇಷ್ಮೆ ಮಾರುವವರು, ನೂಲು ತೆಗೆಯುವವರು, ನೇಯುವವರು ಎಲ್ಲರಿಗೂ ಪ್ರತ್ಯೇಕ ಸಂಘ, ಪ್ರತ್ಯೇಕ ಕಟ್ಟಳೆ. ಅರಮನೆಯ ಕಡುನೇರಳೆ ರೇಷ್ಮೆಯನ್ನು ಹೊರಗೆ ಮಾರುವಂತಿಲ್ಲ. 968ರಲ್ಲಿ ದೂತನಾಗಿ ಹೋಗಿದ್ದ ಕ್ರೆಮೋನಾದ ಬಿಷಪ್ ಲಿಯುಟ್‌ಪ್ರಾಂಡ್‌ನಿಂದ ಅಂಥ ಬಟ್ಟೆಯನ್ನು ಕಸಿದುಕೊಂಡೇ ಕಳಿಸಿದರು. ಯಾವ ಬಣ್ಣದ ಸೀರೆ ಬೇಕಾದರೂ ನೇಯ್ದು ಮಾರುವ ಮೊಳಕಾಲ್ಮೂರಿನ ನೇಕಾರರಿಗೆ ಈ ಕಟ್ಟಳೆ ವಿಚಿತ್ರವಾಗಿ ಕಂಡೀತು. ಆ ಚಕ್ರವರ್ತಿಗಳಿಗೆ ಮಾತ್ರ ಅದು ಸಿಂಹಾಸನದ ಮರ್ಯಾದೆಯ ಪ್ರಶ್ನೆಯಾಗಿತ್ತು.

ಬಾದಾಮಿಯ ಚಾಲುಕ್ಯರ ಚರಿತ್ರೆಯನ್ನು ಈ ಬೆಳಕಿನಲ್ಲಿ ಇನ್ನಷ್ಟು ಓದಬೇಕಿದೆ. ಇಮ್ಮಡಿ ಪುಲಕೇಶಿ ಪಟ್ಟವೇರಿದ್ದು ಸುಮಾರು 610ರಲ್ಲಿ. ಕಾನ್‌ಸ್ಟಾಂಟಿನೋಪಲಿನಲ್ಲಿ ಹೆರಾಕ್ಲಿಯಸ್ ಚಕ್ರವರ್ತಿಯಾದದ್ದೂ ಅದೇ ವರ್ಷ. ಇಬ್ಬರ ನಡುವೆ ಇದ್ದವನು ಪರ್ಷಿಯಾದ ಇಮ್ಮಡಿ ಖುಸ್ರೋ. ಅವನ ಜೊತೆ ಭಾರತದ ದೊರೆಯೊಬ್ಬನಿಗೆ ಪತ್ರವ್ಯವಹಾರವಿತ್ತು ಎಂದು ಅರಬ್ ಚರಿತ್ರೆಕಾರ ತಬರಿ ಬರೆದದ್ದು ಪುಲಕೇಶಿಯ ಬಗ್ಗೆ ಎಂದು ಬಹಳ ಜನ ನಂಬಿದ್ದಾರೆ. ಅಜಂತಾದ ಮೊದಲ ಗುಹೆಯ ಚಿತ್ರವೊಂದರಲ್ಲಿ 1879ರಲ್ಲಿ ಫರ್ಗುಸನ್ ಆ ಪರ್ಷಿಯನ್ ದೂತರನ್ನೇ ಕಂಡರು. ಆ ಗುರುತನ್ನು ಈಗ ಒಪ್ಪುವವರು ಕಡಿಮೆ. ಗಟ್ಟಿ ಸಾಕ್ಷ್ಯ ಐಹೊಳೆಯಲ್ಲಿದೆ. 634ರ ರವಿಕೀರ್ತಿಯ ಶಾಸನ ಪಶ್ಚಿಮ ಸಮುದ್ರದ ಲಕ್ಷ್ಮಿ ಎನಿಸಿದ ಪುರಿ ಎಂಬ ಪಟ್ಟಣವನ್ನು ಪುಲಕೇಶಿ ನೂರಾರು ನೌಕೆಗಳಿಂದ ಮುತ್ತಿದನೆಂದು ಹೇಳುತ್ತದೆ. ಆ ಶಾಸನ ಇರುವುದು ಜಿನಾಲಯದ ಗೋಡೆಯ ಮೇಲೆ. ನೌಕಾದಂಡಯಾತ್ರೆಯ ದಾಖಲೆ ಬಸದಿಯಲ್ಲಿ ಉಳಿದಿರುವುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಕೆಲವೇ ವರ್ಷಗಳಲ್ಲಿ ಹೆರಾಕ್ಲಿಯಸ್ ಸಿರಿಯಾವನ್ನು ಕಳೆದುಕೊಂಡ, ಅವನು ಸತ್ತ ಮರುವರ್ಷ 642ರಲ್ಲಿ ಅಲೆಕ್ಸಾಂಡ್ರಿಯಾವೂ ಅರಬರ ಕೈಸೇರಿತು. ಕೆಂಪು ಸಮುದ್ರದ ಬಾಗಿಲು ಬೈಜಾಂಟಿಯಮ್‌ಗೆ ಮುಚ್ಚಿತು.

ಮಸೀದಿ, ಸುಂಕ, ಸಂಘ

ಬಾಗಿಲು ಮುಚ್ಚಿದ ಮೇಲಿನ ಕಾಲವನ್ನು ಸಂಶೋಧಕರು ಬಹಳ ದಿನ ಮುಟ್ಟಲಿಲ್ಲ. ನಾಣ್ಯ ಇಲ್ಲದ ಕಡೆ ನಂಟೂ ಇಲ್ಲ ಎಂಬ ಸೆವೆಲ್ ಕಾಲದ ಲೆಕ್ಕ ಇದಕ್ಕೆ ಕಾರಣ. 1931ರಲ್ಲಿ ಜಾರ್ಜ್ ಮೊರಾಯಿಸ್ ‘ಕದಂಬ ಕುಲ’ ಗ್ರಂಥ ಪ್ರಕಟಿಸಿದಾಗ ಗೋವೆಯ ಕದಂಬರ ತಾಮ್ರಪಟಗಳು ಹೊಸ ಚಿತ್ರ ಕೊಟ್ಟವು. 11ನೇ ಶತಮಾನದ ನಡುವೆ ಒಂದನೆಯ ಜಯಕೇಶಿಯ ಅಧಿಕಾರಿಯಾಗಿದ್ದ ಛಡಮ ಎಂಬವನು ಅರಬ್ ಮೂಲದ ಹಡಗು ವ್ಯಾಪಾರಿಗಳ ಮನೆತನದವನು. ಅವನು ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಸುಂಕವನ್ನು ದೊರೆ ಬಿಟ್ಟುಕೊಟ್ಟ. ಶೈವ ದೊರೆ, ಮುಸಲ್ಮಾನ ಅಧಿಕಾರಿ, ಹಡಗಿನ ಸುಂಕ ಒಂದೇ ತಾಮ್ರಪಟದಲ್ಲಿ ಸೇರಿವೆ. ಇದಕ್ಕೆ ಕೆಲವೇ ದಶಕ ಹಿಂದೆ, 1027ರಲ್ಲಿ, ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಈಜಿಪ್ಟಿನ ಫಾತಿಮಿ ಖಲೀಫನ ಜೊತೆ ಒಪ್ಪಂದ ಮಾಡಿಕೊಂಡು ತನ್ನ ರಾಜಧಾನಿಯ ಮಸೀದಿಯನ್ನು ಸರಿಪಡಿಸಲು ಒಪ್ಪಿದ, ಪ್ರತಿಯಾಗಿ ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನು ಮತ್ತೆ ಕಟ್ಟುವ ಅನುಮತಿ ಪಡೆದ. ಅಲ್ಲಿ ಮಸೀದಿ ಎರಡು ರಾಜ್ಯಗಳ ನಡುವಿನ ಒಪ್ಪಂದದ ಫಲ. ಗೋವೆಯಲ್ಲಿ ಅದು ಬಂದರಿನೊಳಗಿನ ಬದುಕಿನಿಂದಲೇ ಬೆಳೆದದ್ದು.

ವ್ಯಾಪಾರಿಗಳ ಸಂಘದ ವಿಚಾರದಲ್ಲೂ ಹೀಗೆಯೇ ವ್ಯತ್ಯಾಸವಿದೆ. ಕಾನ್‌ಸ್ಟಾಂಟಿನೋಪಲಿನ ಸಂಘಗಳ ಮೇಲೆ ನಗರಾಧ್ಯಕ್ಷನ ಕಣ್ಣು ಸದಾ ಇತ್ತು. ಕನ್ನಡನಾಡಿನ ವಣಿಕ ಸಂಘವಾದ ಅಯ್ಯಾವೊಳೆ ಐನೂರ್ವರು ತಮ್ಮ ಕಟ್ಟಳೆಯನ್ನು ತಾವೇ ಮಾಡಿಕೊಂಡು, ಗುಡಿಗೆ ದತ್ತಿ ಬಿಟ್ಟು, ತಮ್ಮ ಮಹಿಮೆಯನ್ನು ತಾವೇ ಕಲ್ಲಿನಲ್ಲಿ ಬರೆಸಿಕೊಂಡರು. ಶಿಕಾರಿಪುರದ 11ನೇ ಶತಮಾನದ ಶಾಸನ ಅವರು ಪಾರಸದಿಂದ ನೇಪಾಳದವರೆಗೆ ತಿರುಗಿದ್ದನ್ನು ಹೇಳುತ್ತದೆ. ಜಿ.ಎಸ್. ದೀಕ್ಷಿತ್ 1964ರಲ್ಲಿ ಮಧ್ಯಯುಗದ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಬರೆದರು, ಮೀರಾ ಅಬ್ರಹಾಂ 1988ರಲ್ಲಿ ಎರಡು ದೊಡ್ಡ ವಣಿಕ ಸಂಘಗಳ ಶಾಸನಗಳನ್ನು ಒಟ್ಟಿಗಿಟ್ಟರು. ಕರಾವಳಿಯ ಕಡೆ ಕೆ.ವಿ. ರಮೇಶ್ ಮತ್ತು ಪಾದೂರು ಗುರುರಾಜ ಭಟ್ಟರು 1970ರ ದಶಕದಲ್ಲಿ ತುಳುನಾಡನ್ನು ಆಳಿದ ಆಳುಪರ ಶಾಸನಗಳನ್ನೂ ಅಲ್ಲಿನ ಗುಡಿಗಳನ್ನೂ ಊರೂರು ಅಲೆದು ದಾಖಲಿಸಿದರು.

ಈ ನಡುವೆ ಯಾರೂ ನಿರೀಕ್ಷಿಸದ ಕಡೆಯಿಂದ ಮಂಗಳೂರಿನ ಕಾಗದಗಳು ಬಂದವು. ಕೈರೋದ ಯೆಹೂದಿ ಪ್ರಾರ್ಥನಾಮಂದಿರದ ಗೆನಿಜಾ ಎಂಬ ಕೋಣೆಯಲ್ಲಿ ರಾಶಿಬಿದ್ದಿದ್ದ ಹಳೆಯ ಪತ್ರಗಳನ್ನು 1896–97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದ್ದರು. 1950ರ ದಶಕದಿಂದ ಎಸ್.ಡಿ. ಗೊಯಿಟೈನ್ ಅವುಗಳಲ್ಲಿ ಭಾರತದ ವ್ಯಾಪಾರದ ಪತ್ರಗಳನ್ನು ಹೆಕ್ಕತೊಡಗಿದರು. ಅದರಲ್ಲಿ ಟ್ಯುನಿಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಇದ್ದ. 1132ರಿಂದ 1149ರವರೆಗೆ ಹೆಚ್ಚು ಕಾಲ ಮಂಗಳೂರು ಕಡೆಯ ಕರಾವಳಿಯಲ್ಲಿದ್ದು ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದವನು. ಮೆಣಸು, ಅಡಿಕೆ, ಕಬ್ಬಿಣ ಕಳಿಸಿ ಏಡನ್‌ನಿಂದ ಹಳೆ ತಾಮ್ರ, ಕಾಗದ, ಸಕ್ಕರೆ ತರಿಸಿದವನು. ಆಶು ಎಂಬ ದಾಸಿಯನ್ನು 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಬೊಮ್ಮ ಎಂದು ಓದಿ, ಅಮಿತಾವ್ ಘೋಷ್ 1992ರಲ್ಲಿ ಇಡೀ ಪುಸ್ತಕವನ್ನೇ ಬರೆದರು. ಗೊಯಿಟೈನ್ ತೀರಿಕೊಂಡ ಬಳಿಕ ಮೊರ್ಡೆಕೈ ಫ್ರೀಡ್‌ಮನ್ ಕೆಲಸ ಮುಂದುವರಿಸಿ 2008ರಲ್ಲಿ ಆ ಪತ್ರಗಳ ದೊಡ್ಡ ಸಂಪುಟ ತಂದರು. ಒಂದು ಬೈಜಾಂಟಿಯಮ್ ನಾಣ್ಯವೂ ಇಲ್ಲದ ಶತಮಾನದಲ್ಲಿ ಮೆಡಿಟರೇನಿಯನ್ನಿನ ಮನೆತನವೊಂದು ತುಳುನಾಡಿನಲ್ಲಿ ಸಂಸಾರ ಹೂಡಿತ್ತು. ಸೆವೆಲ್ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಬೈಜಾಂಟಿಯಮ್ ಮತ್ತು ನಮ್ಮ ಕರಾವಳಿ ಎರಡನ್ನೂ ಕಣ್ಣಾರೆ ಕಂಡು ಬರೆದವನು ಪ್ರವಾಸಿ ಇಬ್ನ್ ಬತೂತಾ. 1330ರ ದಶಕದಲ್ಲಿ ಅವನು ಚಕ್ರವರ್ತಿಯ ಮಗಳ ಪರಿವಾರದ ಜೊತೆ ಕಾನ್‌ಸ್ಟಾಂಟಿನೋಪಲಿಗೆ ಹೋದ. ಶಿಲುಬೆಗೆ ತಲೆಬಾಗದೆ ಒಳಗೆ ಹೋಗುವಂತಿಲ್ಲವಾದ್ದರಿಂದ ಹಾಗಿಯಾ ಸೋಫಿಯಾವನ್ನು ಹೊರಗಿನಿಂದಲೇ ನೋಡಿದ. ಸುಮಾರು ಹತ್ತು ವರ್ಷದ ಬಳಿಕ ನಮ್ಮ ಕರಾವಳಿಗೆ ಬಂದಾಗ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದ. ಬಾರ್ಕೂರಿನ ಹಿಂದೂ ದೊರೆಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು, ಅವುಗಳ ನಾಯಕ ಮುಸಲ್ಮಾನ, ಹಾದುಹೋಗುವ ಹಡಗು ಬಂದರಿನ ಕಾಣಿಕೆ ಕೊಡದಿದ್ದರೆ ಬೆನ್ನಟ್ಟಿ ಎರಡರಷ್ಟು ವಸೂಲಿ ಎಂದೂ ಹೇಳಿದ. ಇಂಥ ಪ್ರವಾಸಿಗಳನ್ನು ಕನ್ನಡದ ಓದುಗರ ಮನೆಗೆ ತಂದ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ದ ಋಣ ದೊಡ್ಡದು.

ತೂತು ಬಿದ್ದ ನಾಣ್ಯ

1989ರಲ್ಲಿ ಪೌಲಾ ಟರ್ನರ್ ಭಾರತದ ರೋಮನ್ ನಾಣ್ಯಗಳ ಪಟ್ಟಿಯನ್ನು ಹೊಸದಾಗಿ ಕಟ್ಟಿದರು. ಕಳೆದ ದಶಕದಲ್ಲಿ ರೆಬೆಕ್ಕಾ ಡಾರ್ಲಿ 4ರಿಂದ 7ನೇ ಶತಮಾನದ ಬೈಜಾಂಟಿಯಮ್ ನಾಣ್ಯಗಳನ್ನೇ ಎತ್ತಿಕೊಂಡು ಬೇರೆ ಪ್ರಶ್ನೆ ಕೇಳಿದರು. ಈ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ತೂತುಗಳಿವೆ, ಅಂದರೆ ಮುಖ ನೆಟ್ಟಗೆ ಕಾಣುವಂತೆ ತೂಗುಹಾಕಿದ್ದರು. ಸ್ಥಳೀಯ ನಕಲುಗಳೂ ಸಿಗುತ್ತವೆ. ಇವು ಪೇಟೆಯಲ್ಲಿ ಓಡಾಡಿದ ಹಣವೋ ಅಥವಾ ಒಡವೆಯಾಗಿ, ಪೂಜೆಯ ವಸ್ತುವಾಗಿ ಬದುಕಿದವೋ? ನಾಣ್ಯ ಸಿಕ್ಕ ಮಾತ್ರಕ್ಕೆ ಬೈಜಾಂಟಿಯಮ್ ಹಡಗೇ ಬಂದಿತ್ತು ಎನ್ನಬಹುದೆ? ಕಾಸಿನ ಸರ ಕಂಡು ಬೆಳೆದ ನಮಗೆ ಈ ಪ್ರಶ್ನೆ ಹೊಸದೆನಿಸದು. ವಿದ್ವತ್ತು ಇಲ್ಲಿಗೆ ಬರಲು ನೂರು ವರ್ಷಕ್ಕೂ ಮೀರಿ ಹಿಡಿಯಿತು. ಅದು ಬಂದ ದಾರಿ ನೋಡಿದರೆ ಆಶ್ಚರ್ಯವಿಲ್ಲ, ನಾಣ್ಯವನ್ನು ಗುಡಿಯಿಂದಲೂ ಮನೆಯಿಂದಲೂ ಬೇರ್ಪಡಿಸಿ ತಕ್ಕಡಿಯ ಮೇಲಷ್ಟೇ ಇಟ್ಟಿದ್ದೆವು.

ಕನ್ನಡದಲ್ಲಿ ಈಗ ಆಗಬೇಕಾದ ಕೆಲಸಗಳಲ್ಲಿ ಎರಡು ನನಗೆ ತುರ್ತೆನಿಸುತ್ತವೆ. ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಯ ಕೃಷ್ಣ, ವೀಲರ್ ವರದಿಗಳನ್ನು, ಆಮೇಲೆ ಬದಲಾದ ಕಾಲಗಣನೆಯ ಟಿಪ್ಪಣಿಯೊಂದಿಗೆ, ಚಳ್ಳಕೆರೆ–ಮೊಳಕಾಲ್ಮೂರಿನ ಕಾಲೇಜು ಮಕ್ಕಳು ಓದಬಲ್ಲ ಕನ್ನಡದಲ್ಲಿ ಒಂದೇ ಸಂಪುಟವಾಗಿ ತರಬೇಕು. ಬೆನ್ ಯಿಜುವಿನ ಮಂಗಳೂರಿನ ಪತ್ರಗಳನ್ನು ಇಂಗ್ಲಿಷಿನ ದಾರಿ ಹಿಡಿಯದೆ ಯೆಹೂದಿ ಅರಬ್ಬಿಯಿಂದ ನೇರವಾಗಿ ಕನ್ನಡಕ್ಕೆ ತಂದು, ಅದೇ ದಶಕಗಳಲ್ಲಿ ಆಳಿದ ಆಳುಪ ದೊರೆ ಕವಿ ಆಳುಪೇಂದ್ರನ ಶಾಸನಗಳ ಪಕ್ಕದಲ್ಲಿಟ್ಟು ಅಚ್ಚು ಹಾಕಬೇಕು.